ಬಿಟ್ಟು ಓದಿದ ಸಾಲು

ಹನುಮಂತರಾಯಪ್ಪ ಅರ್ಜಿಯನ್ನು ಮೊದಲು ತಾನೇ ಬರೆದಿದ್ದ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ, ಲೆಕ್ಕ ಬರುತ್ತದೆ, ಕನ್ನಡ, ತೆಲುಗು, ಇಂಗ್ಲಿಷು ಬರೆಯಬಲ್ಲೆ, ಕರೆದ ದಿನ ಬರುತ್ತೇನೆ. ಅಷ್ಟೇ. ಮದರಾಸಿನ ಕಂಪನಿಯೊಂದು ಮಡಕಶಿರಾದಲ್ಲಿ ಕಡಲೆಕಾಯಿ ಮಿಲ್ಲು ತೆರೆದಿತ್ತು, ಗುಮಾಸ್ತ ಬೇಕಾಗಿದ್ದ. ಅಂಥ ಕೆಲಸಕ್ಕೆ ಇಷ್ಟು ಸಣ್ಣ ಅರ್ಜಿ ಸಾಕೇ ಎಂದು ಅವನಿಗೆ ಅನುಮಾನ ಹುಟ್ಟಿತು. ಓದಿದವರಿಗೆ ಅನುಮಾನ ಜಾಸ್ತಿ. ಕಾಗದ ಹಿಡಿದು ತಾಲ್ಲೂಕು ಕಚೇರಿಯ ಎದುರು ಕೂತು ಅರ್ಜಿ ಬರೆಯುವ ಪಂಪಣ್ಣನ ಹತ್ತಿರ ಹೋದ.

ಪಂಪಣ್ಣ ರಾಯದುರ್ಗದ ಕಡೆಯವನು. ಓದಿ ನಕ್ಕುಬಿಟ್ಟ.

"ಇದೇನ್ರಿ, ಉಪ್ಪಿಲ್ಲ ಹುಳಿಯಿಲ್ಲ? ಮನಿಯಾಗ ಯಾರರ ಸತ್ತಾರೇನ್ರಿ?"

"ಇಲ್ಲ."

"ಹಂಗಾರ ಯಾರನ್ನರ ಸಾಯಿಸ್ಬೇಕಾಗ್ತದ. ಅಪ್ಪ ಇಲ್ದ ಮಗ ಅಂದ್ರ ದೊಡ್ಡೋರ ಕಣ್ಣು ಅರ್ಜಿ ಮ್ಯಾಲ ನಿಲ್ತದ್ರಿ. ಹಿಂಗ ಬರೆದು ಎಷ್ಟು ಮಂದಿಗೆ ನೌಕರಿ ಕೊಡಿಸೀನಿ. ಯಾವ ಅಪ್ಪನೂ ಸತ್ತಿಲ್ಲ, ಗಾಬರಿ ಆಗ್ಬ್ಯಾಡ್ರಿ."

ಹನುಮಂತರಾಯಪ್ಪ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ತಂದೆ ತೀರಿಕೊಂಡಿದ್ದಾರೆ, ವಿಧವೆ ತಾಯಿಯ ಭಾರ ನನ್ನ ಮೇಲಿದೆ ಎಂದು ಪಂಪಣ್ಣ ಇಂಗ್ಲಿಷಿನಲ್ಲಿ ಹೇಳುತ್ತ ಹೋದ, ಇವನು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತ ಹೋದ.

ಗುಡಿಬಂಡೆಯ ಪಕ್ಕದ ಊರಿನಲ್ಲಿ ಅವನ ಅಪ್ಪ ಬೋರಣ್ಣ ಜಗಲಿಯ ಮೇಲೆ ಕೂತು ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ. ಮಗನ ಕೈಯಲ್ಲಿ ಕಾಗದ ಕಂಡದ್ದೇ ಕುಡುಗೋಲು ಕೆಳಗಿಟ್ಟ.

"ಓದಪ್ಪ, ಕೇಳಾನ. ಮೊದ್ಲು ಇಂಗ್ಲೀಸ್ನಾಗೆ ಓದು, ಆಮ್ಯಾಕೆ ನಮ್ ಮಾತ್ನಾಗೆ ಹೇಳು."

ತಾಯಿ ಕದರಮ್ಮನೂ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಇಂಗ್ಲಿಷನ್ನು ಅವನು ಪೂರ್ತಿ ಓದಿದ. ನನ್ನ ತಂದೆ ಸತ್ತಿದ್ದಾರೆ ಎಂದು ತಂದೆಯ ಮುಖ ನೋಡಿಕೊಂಡೇ ಓದಿದ. ಬೋರಣ್ಣ ಹರಿಕಥೆ ಕೇಳುವವನ ಹಾಗೆ ತಲೆದೂಗಿದ. ಕನ್ನಡದಲ್ಲಿ ಹೇಳುವಾಗ ಮಾತ್ರ ಆ ಸಾಲನ್ನು ಬಿಟ್ಟುಬಿಟ್ಟ. ಕದರಮ್ಮ ಮಗನಿಗೆ ನೆಟಿಕೆ ಮುರಿದು ದೃಷ್ಟಿ ತೆಗೆದಳು.

ಮಿಲ್ಲಿನಿಂದ ಕರೆ ಬಂತು. ದೊಡ್ಡವರ ಮುಂದೆ ಒಬ್ಬನೇ ಹೋಗಬಾರದೆಂದು ಬೋರಣ್ಣ ಒಗೆದ ರುಮಾಲು ಸುತ್ತಿ ತಾನೂ ಹೊರಟ. ಬೇಡವೆನ್ನಲು ಮಗನಿಗೆ ಬಾಯಿ ಎಲ್ಲಿತ್ತು?

ಮದರಾಸಿನಿಂದ ಬಂದಿದ್ದ ಮ್ಯಾನೇಜರು ಸಭ್ಯ ಮನುಷ್ಯ. ಅರ್ಜಿಯನ್ನು ಮುಂದಿಟ್ಟುಕೊಂಡು ತೆಲುಗಿನಲ್ಲಿ ಮಾತಾಡಿದರು.

"ಅಕ್ಷರ ಚೆನ್ನಾಗಿದೆ, ಲೆಕ್ಕ ಬರುತ್ತದೆ, ಮೂರು ಭಾಷೆ ಬರುತ್ತದೆ. ಅದಕ್ಕೇ ಕರೆಸಿದೆ. ಉಳಿದದ್ದೆಲ್ಲ ನನಗೆ ಬೇಕಿರಲಿಲ್ಲ. ಆದರೂ ಪಾಪ, ತಂದೆ ಇಲ್ಲವಂತೆ. ಇವರು ಯಾರು?"

ತೆಲುಗು ಬೋರಣ್ಣನಿಗೂ ಬರುತ್ತಿತ್ತು. ಅವನು ಮಗನ ಕಡೆ ಒಮ್ಮೆ ನೋಡಿದ. ಹನುಮಂತರಾಯಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಚಿಕ್ಕಪ್ಪ ಸ್ವಾಮಿ," ಎಂದ ಬೋರಣ್ಣ ಕೈಮುಗಿದು. "ನಮ್ಮಣ್ಣನ ಮಗ ಇವನು. ಒಳ್ಳೆ ಹುಡುಗ."

ಕೆಲಸವಾಯಿತು. ಊರಿನ ದಾರಿಯುದ್ದಕ್ಕೂ ಅಪ್ಪ ಮುಂದೆ ನಡೆದ, ಮಗ ಹಿಂದೆ. ಹುಣಸೆಮರದ ನೆರಳಿನಲ್ಲಿ ನಿಂತಾಗ ಬೋರಣ್ಣ ಕೇಳಿದ್ದು ಒಂದೇ ಮಾತು. "ಅವತ್ತು ಓದ್ದಾಗ ಅದೂ ಇತ್ತೇನಪ್ಪ?" ಮಗ ತಲೆ ತಗ್ಗಿಸಿದ. ಅಪ್ಪ ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವನು ಬೈಯಲಿಲ್ಲ.

ಹನುಮಂತರಾಯಪ್ಪ ಮಡಕಶಿರಾದಲ್ಲೇ ಕೋಣೆ ಹಿಡಿದ. ಸಂತೆಯ ದಿನ ಬೋರಣ್ಣ ರೊಟ್ಟಿ ಗಂಟು ತಂದು ಮಿಲ್ಲಿನ ಗೇಟಿನ ಹೊರಗೆ ಕೂರುತ್ತಿದ್ದ. "ನಿಮ್ ಚಿಕ್ಕಪ್ಪ ಬಂದವ್ರೆ ಸ್ವಾಮಿ," ಎಂದು ಕಾವಲಿನ ಗಂಗಣ್ಣ ಕೂಗುತ್ತಿದ್ದ. ಆ ಕೂಗಿಗೆ ಓಗೊಡುವಾಗಲೆಲ್ಲ ಹನುಮಂತರಾಯಪ್ಪನ ಕಿವಿ ಬಿಸಿಯಾಗುತ್ತಿತ್ತು. ಆದರೂ ಓಗೊಡುತ್ತಿದ್ದ. ಸಂಬಳ ಬಲು ರುಚಿ.

ಗೌರಿಹಬ್ಬ ಹತ್ತಿರ ಬಂತು. "ಅಮ್ಮುನ್ನ ಒಂದ್ಸಲ ಕರ್ಕೊಂಡ್ ಬಾರಪ್ಪ," ಎಂದ ಮಗ. "ಸೀರೆ ಅವ್ಳೇ ನೋಡಿ ತಗಳ್ಲಿ. ಯಾಕೆ ಒಂದಿನಾನೂ ಬರ್ಲಿಲ್ಲ?"

ಬೋರಣ್ಣ ರೊಟ್ಟಿ ಗಂಟನ್ನು ಬಿಚ್ಚುತ್ತಲೇ ಹೇಳಿದ. ಧ್ವನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಕುಂಕ್ಮ ಇಟ್ಕೊಂಡು ಆ ಊರಿಗೆ ಹೆಂಗೆ ಹೋಗ್ಲಿ, ಅಳಿಸ್ಕೊಂಡು ಹೆಂಗೆ ಹೋಗ್ಲಿ ಅಂತಾಳೆ ಕಣಪ್ಪ. ನಾನೇನ್ ಹೇಳ್ಲಿ?"

ಹನುಮಂತರಾಯಪ್ಪನಿಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. ಅಪ್ಪನೊಬ್ಬನನ್ನೇ ಕೊಂದೆನೆಂದುಕೊಂಡಿದ್ದ. ತಾಯಿಯ ಹಣೆಗೂ ಕೈ ಹಾಕಿದ್ದನ್ನು ಇಷ್ಟು ದಿನ ಯೋಚಿಸಿಯೇ ಇರಲಿಲ್ಲ. ಅಳು ಬಂತು. ಒಳಗೆ ಹೋಗಿ ಕಾಗದ ತೆಗೆದುಕೊಂಡು ಮ್ಯಾನೇಜರಿಗೆ ಬರೆದ, ಯಾರನ್ನೂ ಕೇಳಲಿಲ್ಲ. ತಂದು ಅಪ್ಪನ ಮುಂದೆ ಮೊದಲು ಇಂಗ್ಲಿಷಿನಲ್ಲಿ ಓದಿದ, ಆಮೇಲೆ ಒಂದು ಸಾಲನ್ನೂ ಬಿಡದೆ ಕನ್ನಡದಲ್ಲಿ ಹೇಳಿದ.

"ನನ್ನ ತಂದೆ ಬೋರಣ್ಣ ಬದುಕಿದ್ದಾರೆ. ಚಿಕ್ಕಪ್ಪನೆಂದು ತಮ್ಮ ಮುಂದೆ ನಿಂತವರು ಅವರೇ. ತಾಯಿ ಮುತ್ತೈದೆ. ಅರ್ಜಿಯಲ್ಲಿ ಸುಳ್ಳು ಬರೆದವನು ನಾನು."

"ಕೆಲ್ಸ ಹೋಯ್ತದಲ್ಲೋ," ಎಂದ ಬೋರಣ್ಣ.

"ಹೋಗ್ಬೋದು. ನೀನೂ ಒಳೀಕ್ ಬಾ."

ಬೋರಣ್ಣ ರುಮಾಲು ಸರಿಪಡಿಸಿಕೊಂಡು ಎದ್ದ. ಗೇಟಿನಲ್ಲಿ ಗಂಗಣ್ಣ ಅಡ್ಡ ಬಂದ. "ಚಿಕ್ಕಪ್ಪನೋರು ಒಳಗ್ಯಾಕೆ ಸ್ವಾಮಿ?"

"ನಮ್ಮಪ್ಪ," ಎಂದ ಹನುಮಂತರಾಯಪ್ಪ. ಮಿಲ್ಲಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು.