ತಂಗಿಯ ಕೋಣೆಯ ಹೊಸ್ತಿಲು

ಚಂಡಮಾರುತದ ಕಾಲ ಬಂತೆಂದರೆ ಪೆಸಿಫಿಕ್ ಸಾಗರದ ದ್ವೀಪದೇಶ ಟೊಂಗಾದಲ್ಲಿ ಎಲ್ಲರೂ ಮನೆಯ ತಗಡಿಗೆ ಮೊಳೆ ಹೊಡೆಯುತ್ತಾರೆ. ಕೆಲಸದ ಜಾಗ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಲೋಸೆಲಿಯೂ ಹಾಗೆಯೇ. ವಿಶ್ವವಿದ್ಯಾಲಯದ ನೆಲಮಹಡಿಯಲ್ಲಿ ಹಿರಿಯರ ಹಾಡು, ಮಾತುಗಳ ಟೇಪು ಕಾಯುವುದು ಅವಳ ಕೆಲಸ. ತೀರಿಹೋದ ಅವಳ ಅಮ್ಮ ಮರದ ತೊಗಟೆ ಬಡಿದು ಬಟ್ಟೆ ಮಾಡುತ್ತ ಹಾಡಿದ್ದ ಹಾಡೂ ಅಲ್ಲೇ ಇತ್ತು. ಬೇಜಾರಾದಾಗಲೆಲ್ಲ ಹಾಕಿಕೊಂಡು ಕೇಳುತ್ತಿದ್ದಳು.

ವಿಪತ್ತು ಸಿದ್ಧತೆಯ ಹೊಣೆ ಹೊತ್ತಿದ್ದ ಗೆಳತಿ ಓಫಾ ಒಂದು ದಿನ ಬಂದು ಕೂತಳು.

"ನೀನಿಲ್ದಾಗ ಈ ಕೋಣೆ ಯಾರು ನೋಡ್ತಾರೆ?"

"ನಮ್ಮಣ್ಣ ವಿಲಿ ಇದಾನಲ್ಲ, ಲೆಕ್ಕದ ವಿಭಾಗದಲ್ಲಿ. ಬೀಗದ ಕೈ ಕೊಟ್ಟಿದೀನಿ."

"ಹಾಗಾದ್ರೆ ನೀರು ನುಗ್ಗಿದ್ರೆ ಟೇಪು ಮಹಡಿಗೆ ಸಾಗಿಸೋದನ್ನ ಒಂದ್ಸಲ ಅವನ ಕೈಲಿ ಮಾಡಿಸಿ ನೋಡೋಣ. ಟೇಪುಗಳ ನಕಲೂ ವವಾವು ದ್ವೀಪದ ಶಾಖೆಗೆ ಕಳಿಸು."

"ಟೇಪು ಎತ್ತಿ ಮೇಲಿಡೋಕೂ ತಾಲೀಮು ಬೇಕೇನೆ? ನಿಂಗೆ ಬೇರೆ ಕೆಲ್ಸ ಇಲ್ಲ. ನಕಲು ಆಮೇಲೆ ಮಾಡಿದ್ರಾಯ್ತು."

ಆ ಆಮೇಲೆ ಅನ್ನುವುದು ಬರಲೇ ಇಲ್ಲ.

ಲೋಸೆಲಿ ತೀರಿಕೊಂಡ ಗಂಡನ ಕಡೆಯವರೊಬ್ಬರ ಮಣ್ಣಿಗೆಂದು ಬೇರೆ ದ್ವೀಪಕ್ಕೆ ಹೋಗಿದ್ದಾಗ ಚಂಡಮಾರುತ ಬಂತು. ಸಮುದ್ರ ವಿಶ್ವವಿದ್ಯಾಲಯದ ಅಂಗಳದವರೆಗೆ ಏರಿತು. ವಿಲಿ ಓಡಿಬಂದು ಬಾಗಿಲು ತೆರೆದ. ತೆರೆದವನು ಹೊಸ್ತಿಲಲ್ಲೇ ನಿಂತ. ಅಲ್ಲಿನ ರೂಢಿಯಂತೆ ಅಕ್ಕತಂಗಿಯರ ಕೋಣೆಗೆ ಕಾಲಿಡಬಾರದು, ಅವರ ಸಾಮಾನು ಮುಟ್ಟಬಾರದು ಎಂದು ಬೆಳೆದ ಗಂಡಸು ಅವನು. ಒಳಗಿದ್ದದ್ದು ತಂಗಿಯ ಚಾಪೆ, ತಂಗಿಯ ಚೀಲ, ತಂಗಿಯ ಕಪಾಟು. ಮಹಡಿಯಿಂದ ಒಬ್ಬ ಹೆಂಗಸನ್ನು ಕರೆತರುವಷ್ಟರಲ್ಲಿ ಕಪಾಟಿನ ಕೆಳಗಿನ ಸಾಲಿನ ಟೇಪುಗಳು ನೀರಿನಲ್ಲಿದ್ದವು. ಅಮ್ಮನ ಹಾಡೂ ಹೋಯಿತು.

ಲೋಸೆಲಿ ಮರಳಿದಾಗ ವಿಲಿ ಬಾಗಿಲಾಚೆಯೇ ನಿಂತು ಹೇಳಿದ, "ನುಗ್ಗಬೇಕಿತ್ತು. ಕಾಲೇ ಬರ್ಲಿಲ್ಲಮ್ಮ. ಹಾಗೆ ನಡ್ಕೋಬೇಕು ಅಂತ ಅಮ್ಮನೇ ಕಲಿಸಿದ್ದು."

"ನಿನ್ ತಪ್ಪಲ್ಲಣ್ಣ. ಒಂದ್ಸಲ ಮಾಡಿಸಿ ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ನಾನೇ ಬೇಡ ಅಂದೆ."

ಹಾಡಿನ ಸಾಲುಗಳು ಲೋಸೆಲಿಗೆ ಬಾಯಿಪಾಠ. ಅಮ್ಮನ ದನಿ ಮಾತ್ರ ಮಸುಕಾಗುತ್ತಿದೆ. ಹಾಡಿನ ನಡುವೆ ಅಮ್ಮ ಕೆಮ್ಮಿದ್ದಳೋ, ನಕ್ಕಿದ್ದಳೋ? ಅಣ್ಣನನ್ನು ಕೇಳಿದರೆ ಅವನಿಗೂ ಸರಿಯಾಗಿ ನೆನಪಿಲ್ಲ.

ಈಗ ಅವಳಿಲ್ಲದಾಗ ಕೋಣೆ ನೋಡುವವಳು ಗ್ರಂಥಾಲಯದ ಸಿಯಾಲೆ. ಅವಳು ಓಫಾಳ ಎದುರೇ ಟೇಪುಗಳನ್ನೆಲ್ಲ ಮಹಡಿಗೆ ಸಾಗಿಸಿ ತೋರಿಸಿದ್ದಾಳೆ. ವಿಲಿಯೂ ತನ್ನ ವಿಭಾಗದಲ್ಲಿ ತಾಲೀಮು ಮಾಡಿಸಿದ. ಉಳಿದ ಟೇಪುಗಳ ನಕಲು ವವಾವು ಸೇರಿದೆ. ಸರಿಯಾಗಿದೆಯೇ ಎಂದು ನೋಡಲು ಅಲ್ಲಿಯವರು ಫೋನಿನಲ್ಲಿ ಒಂದು ಹಾಡು ಕೇಳಿಸಿದರು. ಯಾರದೋ ಅಮ್ಮ ಹಾಡುತ್ತಿದ್ದಳು. ಲೋಸೆಲಿ ಕೊನೆಯವರೆಗೂ ಕೇಳಿದಳು.

ನಿಮ್ಮ ಕೆಲಸದ ಜಾಗದಲ್ಲಿ ನೀವಿಲ್ಲದಾಗ ಯಾರು? ಹೆಸರು ಬರೆದಿಟ್ಟು ಸುಮ್ಮನಾಗಬೇಡಿ. ಅವರ ಕೈಯಲ್ಲಿ ಒಮ್ಮೆ ಮಾಡಿಸಿ ನೋಡಿ. ಕಳೆದರೆ ಮತ್ತೆ ಸಿಗದಂಥದ್ದರ ನಕಲನ್ನು ದೂರದ ಇನ್ನೊಂದು ಜಾಗದಲ್ಲಿಡಿ. ಲೋಸೆಲಿಗೆ ಅಮ್ಮನ ದನಿ ಇನ್ನೊಮ್ಮೆ ಕೇಳುವ ದಾರಿಯಿಲ್ಲ. ನಿಮಗಿನ್ನೂ ಇದೆ.