ಹಳೆಯ ಪೆಡಲಿನ ಸದ್ದು

ಅಂಟುಪಟ್ಟಿಯ ಜೊತೆಗೆ ಗೋಡೆಯ ಬಣ್ಣವೂ ಕಿತ್ತು ಬಂತು, ಹೆಬ್ಬೆರಳಿನಷ್ಟು, ಒಳಗಿನ ಬೂದು ಗಾರೆ ಕಾಣುವ ಹಾಗೆ — ವಾರ್ಡನ್ ನೋಡಿದರೆ ಮುಗಿಯಿತು ಕಥೆ, ಹನ್ನೊಂದಕ್ಕೆ ಕೋಣೆ ನೋಡಲು ಬರುತ್ತೇನೆ ಅಂದಿದ್ದಾಳೆ, ಹನ್ನೊಂದು ಅಂದರೆ ಹನ್ನೊಂದೇ, ಆ ಹೆಂಗಸು ಗಡಿಯಾರ ನುಂಗಿಕೊಂಡೇ ಹುಟ್ಟಿದವಳು. ಹಾಸ್ಟೆಲ್ ಕೋಣೆ ಖಾಲಿ ಮಾಡುತ್ತಿದ್ದ ಅವಳು ಕಿತ್ತ ಚೂರನ್ನು ಮತ್ತೆ ಗೋಡೆಗೆ ಒತ್ತಿ ಹಿಡಿದಳು, ನಿಲ್ಲಲಿಲ್ಲ. ಒಂದು ವರ್ಷ ಈ ಗೋಡೆಯ ಮೇಲಿದ್ದವು ತರಗತಿಯ ವೇಳಾಪಟ್ಟಿ, ಗಂಟಲಿನ ಚಿತ್ರ, ಮಿದುಳಿನ ಎಡಭಾಗದ ಚಿತ್ರ, ಈಗ ಎಲ್ಲ ಸುರುಳಿ ಸುತ್ತಿಕೊಂಡು ಕಸದ ಚೀಲದಲ್ಲಿ ತಲೆಕೆಳಗಾಗಿ ನಿಂತಿವೆ, ಸಂಜೆ ವಿಮಾನ, ನಾಳೆ ಇಷ್ಟು ಹೊತ್ತಿಗೆ ಮನೆ. ಮನೆ ಅಂದ ಕೂಡಲೇ ಖಾಲಿ ಮಾಡಿದ ಮೇಜಿನ ಖಾನೆಯನ್ನೇ ಮತ್ತೆ ಎಳೆದು ನೋಡಿದಳು, ಮೂರನೇ ಸಲ, ಖುಷಿ ಹೀಗಿರುವುದಿಲ್ಲ — ನಿದ್ದೆ ಇಲ್ಲ, ಅದಕ್ಕೇ ಇರಬೇಕು. ಬೆಳಿಗ್ಗೆ ಭಾವ ಕಳಿಸಿದ ಸಾಲು ಇನ್ನೂ ಫೋನಿನಲ್ಲಿದೆ, ವಿಮಾನ ನಿಲ್ದಾಣಕ್ಕೆ ನಾನೊಬ್ಬನೇ ಬರ್ತೀನಿ, ಏನೂ ಯೋಚನೆ ಮಾಡ್ಬೇಡ. ಯೋಚನೆ ಮಾಡುತ್ತೇನೆ ಎಂದು ಯಾರು ಹೇಳಿದರು ಇವರಿಗೆ? ಭಾವ ಹೀಗೆ ಬರೆಯುವವರೇ ಅಲ್ಲ, ಅಕ್ಕನನ್ನು ಮದುವೆಯಾದಾಗಿನಿಂದ ಒಂದು ವಾಕ್ಯವನ್ನೂ ನೆಟ್ಟಗೆ ಆಡಿದವರಲ್ಲ, ಮಾತಿನ ಚಿಕಿತ್ಸೆ ಕಲಿಯಲು ಹೊರದೇಶಕ್ಕೆ ಹೊರಟೆ ಅಂದಾಗ ಏನಂದಿದ್ದರು, ಮಾತು ಬರಿಸೋ ಓದು ನಮ್ಮನೆಗ್ಯಾಕಮ್ಮಾ, ನಿಲ್ಲಿಸೋದು ಹೇಗೆ ಅಂತ ಕಲಿಸಿದ್ರೆ ಅದನ್ನ ಕಲ್ತು ಬಾ, ನಿಮ್ಮಮ್ಮ ನಿಮ್ಮಕ್ಕ ಇಬ್ಬರಿಗೂ ಕೊಡ್ಸೋಣ. ಅಮ್ಮ ನಕ್ಕಿದ್ದಳು, ಹೊಲಿಗೆ ಯಂತ್ರದ ಮುಂದೆ ಕೂತು, ಯಾರದೋ ರವಿಕೆಯ ತೋಳು ಹಿಡಿದುಕೊಂಡು. ಅಮ್ಮನಿಗೆ ಯಂತ್ರ ನಿಂತರೂ ಮಾತು ನಿಲ್ಲುತ್ತಿರಲಿಲ್ಲ, ಅಳತೆ ಕೊಡಲು ಬಂದವರು ಮಗಳ ಮದುವೆಯ ಸಂಗತಿ, ಅತ್ತೆಯ ಮಂಡಿನೋವಿನ ಸಂಗತಿ ಎಲ್ಲ ಹೇಳಿಕೊಂಡು, ಅಳತೆ ಕೊಡುವುದನ್ನೇ ಮರೆತು ಎದ್ದು ಹೋಗುತ್ತಿದ್ದರು.

ಚಾದರ ಮಡಚು, ಮೊದಲು ಚಾದರ. ಮಡಚುತ್ತಿರುವಾಗ ಮುದುಕನ ನೆನಪು, ಇಲ್ಲಿಯ ಆಸ್ಪತ್ರೆಯಲ್ಲಿ ಅವಳ ಕೈಗೆ ಒಪ್ಪಿಸಿದ್ದ ಲಿಫ್ಟ್ ಮೆಕ್ಯಾನಿಕ್, ನಲವತ್ತು ವರ್ಷ ಊರಿನ ಎತ್ತರದ ಕಟ್ಟಡಗಳನ್ನೆಲ್ಲ ಹತ್ತಿಳಿದವನು, ಸ್ಟ್ರೋಕ್ ಆಗಿ ಒಂದೇ ಬೆಳಿಗ್ಗೆ ಮಾತೆಲ್ಲ ಹೋಗಿತ್ತು, ಅರ್ಥ ಎಲ್ಲ ಆಗುತ್ತದೆ, ಹೇಳಲು ಬರುವುದಿಲ್ಲ, ನೀರು ಬೇಕಾದಾಗ ಮೇಜು ಗುದ್ದುವನು, ಆಮೇಲೆ ಗುದ್ದಿದ್ದಕ್ಕೆ ನಾಚಿ ಗೋಡೆಗೆ ಮುಖ ಮಾಡುವನು. ಸ್ಟ್ರೋಕ್ ಆದ ಮೇಲೆ ಮೊದಲ ಮೂರು ತಿಂಗಳು ಬಂಗಾರ ಅಂದಿದ್ದರು ಮೇಡಂ, ಅವಳ ಕೆಲಸ ನೋಡಿಕೊಳ್ಳುತ್ತಿದ್ದವರು, ಆಮೇಲೂ ಬರುತ್ತೆ, ಆದರೆ ಹತ್ತು ಪಾಲು ಬೆವರಿಗೆ ಒಂದು ಪಾಲು, ಅದಕ್ಕೇ ದಿನಾ ಕೂತುಕೋ, ಒಂದು ದಿನವೂ ಬಿಡಬೇಡ. ಬಿಡಲಿಲ್ಲ. ಹನ್ನೊಂದು ವಾರ, ಜ್ವರ ಇದ್ದಾಗಲೂ ಮಾತ್ರೆ ನುಂಗಿಕೊಂಡು ಹೋದಳು, ಅವನ ಎಡಗೈ ಹಿಡಿದು ಮೇಜಿನ ಮೇಲೆ ತಾಳ ತಟ್ಟಿಸಿ ತಟ್ಟಿಸಿ, ತನ್ನದಲ್ಲದ ಭಾಷೆಯ ಪದಗಳನ್ನು ಅವನಿಗೆ ಮಗ್ಗಿಯ ಹಾಗೆ ರಾಗವಾಗಿ ಹೇಳಿಸಿ, ನಾಲ್ಕನೇ ವಾರ ನೀರು ಅಂದ, ಹತ್ತನೇ ವಾರ ಮಗಳ ಹೆಸರು ಹೇಳಿದ. ಮಗಳು ಬಸ್ ಓಡಿಸುವವಳು, ಕಂಬದಂಥ ಆಳು, ಸಮವಸ್ತ್ರದಲ್ಲೇ ಓಡಿ ಬಂದಿದ್ದಳು, ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿ ಬಿಕ್ಕಿದಳು, ಆಮೇಲೆ ಇವಳ ಎರಡೂ ಕೈ ಹಿಡಿದು ಹೇಳಿದಳು, ನಿಮ್ಮ ತಾಯಿ ಪುಣ್ಯವಂತೆ. ಆ ಮಾತಿಗೆ ಇವಳು ಥಟ್ಟನೆ ಕೈ ಬಿಡಿಸಿಕೊಂಡಿದ್ದಳಲ್ಲ? ಬಿಡಿಸಿಕೊಂಡಿದ್ದಳು. ಹಸಿವು ಅಂದುಕೊಂಡು ಕ್ಯಾಂಟೀನಿಗೆ ಹೋಗಿ ಬ್ರೆಡ್ಡು ತಿಂದಿದ್ದಳು.

ಕಪಾಟು ಖಾಲಿ, ಹ್ಯಾಂಗರುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿವೆ. ಅಮ್ಮನ ಮುಖ ನೋಡಿ ಎಷ್ಟು ದಿನವಾಯಿತು? ಮೊದಲು ವಾರವಾರವೂ ವೀಡಿಯೋ, ಆಮೇಲೆ ಅಮ್ಮನ ಫೋನು ಕೆಳಗೆ ಬಿತ್ತು ಕ್ಯಾಮೆರಾ ಹೋಯ್ತು ಅಂದಳು ಅಕ್ಕ, ಹಾಗಾದರೆ ನಿನ್ನ ಫೋನಲ್ಲಿ ತೋರ್ಸು ಅಂದರೆ ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ, ಅಮ್ಮ ಈಗ ತಾನೇ ಮಲಗಿದಳು, ಅಮ್ಮ ಗುಂಡಿ ತರೋಕೆ ಅಂಗಡಿಗೆ ಹೋದಳು. ಬದಲಿಗೆ ಧ್ವನಿ ಸಂದೇಶವಾಗಿ ಅಮ್ಮನ ದನಿ ಬರುತ್ತಿತ್ತು, ಮೂರು ದಿನಕ್ಕೊಂದು, ಊಟ ಮಾಡಿದ್ಯಾ ಪಾಪು, ನಾನು ಚೆನ್ನಾಗಿದೀನಿ, ನೀನು ಓದ್ಕೋ, ಕೆಲಸ ಇದೆ ಇಡ್ತೀನಿ. ಇಪ್ಪತ್ತಾರು ವರ್ಷದ ಮಗಳಿಗೆ ಪಾಪು. ಎಲ್ಲವೂ ಗಿಡ್ಡ, ಎಲ್ಲವೂ ನೆಟ್ಟಗೆ, ಅವಳು ಕೇಳಿದ ಯಾವ ಪ್ರಶ್ನೆಗೂ ಉತ್ತರವಲ್ಲ — ಮಂಚದ ಅಂಚಿಗೆ ಕೂತಳು, ಚೀಲದಿಂದ ಆಸ್ಪತ್ರೆಯ ಕೆಲಸಕ್ಕೆಂದು ಕೊಂಡಿದ್ದ ದೊಡ್ಡ ಹೆಡ್‌ಫೋನು ತೆಗೆದಳು, ಕೇಳಬೇಡ, ಚಾದರ ಇನ್ನೊಂದಿದೆ ಮಡಚು, ಕೇಳಬೇಡ, ಕಿವಿಗೆ ಹಾಕಿಕೊಂಡಳು. ಕಳೆದ ವಾರದ್ದು. ಅಮ್ಮನ ದನಿ, ಅದರ ಹಿಂದೆ ಯಂತ್ರ, ದಡಬಡ ದಡಬಡ ಓಡಿ ನಿಲ್ಲುವಾಗ ಕಿರ್ ಎನ್ನುವ ಪೆಡಲು. ಪೆಡಲು ಎಲ್ಲಿಂದ ಬಂತು? ಅವಳು ಇಲ್ಲಿಗೆ ಬಂದ ಐದನೇ ತಿಂಗಳಿಗೆ ಭಾವ ಯಂತ್ರಕ್ಕೆ ಮೋಟರು ಕೂರಿಸಿ, ಪೆಡಲು ಬಿಚ್ಚಿ ಗುಜರಿಗೆ ಹಾಕಿದ್ದರು, ಅಮ್ಮನೇ ವೀಡಿಯೋದಲ್ಲಿ ತೋರಿಸಿ, ನೋಡೇ ಪಾಪು ಈಗ ನಂದು ವಿಮಾನ, ಅಂದಿದ್ದಳು, ಮೋಟರಿನ ಗುಂಯ್ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲ. ಅದಕ್ಕೂ ಹಿಂದಿನದು ಹಾಕಿದಳು, ಪೆಡಲು. ಅದರ ಹಿಂದಿನದು, ಪೆಡಲು. ಪಾಪು ಎಂಬಲ್ಲಿ ಮಾತು ಕತ್ತರಿಸಿ ಜೋಡಿಸಿದ ಒಂದು ಸಣ್ಣ ಎಡವು, ರೋಗಿಗಳ ದನಿಯಲ್ಲಿ ಇಂಥದ್ದನ್ನೇ ಹುಡುಕಲು ಅವಳಿಗೆ ಒಂದು ವರ್ಷ ಕಲಿಸಿದ್ದರು. ಈಗ ಸಿಕ್ಕಿತು ಅಂತ ನಟಿಸಬೇಡ. ಸಿಕ್ಕಿ ಎಂಟು ವಾರವಾಗಿದೆ. ಪರೀಕ್ಷೆಯ ಹಿಂದಿನ ದಿನ, ಗ್ರಂಥಾಲಯದ ಮೆಟ್ಟಿಲ ಮೇಲೆ, ಇದೇ ಹೆಡ್‌ಫೋನಿನಲ್ಲಿ ಇದೇ ಕಿರ್ ಕೇಳಿತ್ತು, ಒಮ್ಮೆ ಕೇಳಿತ್ತು, ಅವಳು ತಕ್ಷಣ ತೆಗೆದು ಚೀಲದ ತಳಕ್ಕೆ ತುರುಕಿ ಓದಲು ಒಳಗೆ ಹೋಗಿದ್ದಳು, ಪಕ್ಕದ ಮನೆಯವರ ಯಂತ್ರ ಇರಬಹುದು, ಮೋಟರು ಕೆಟ್ಟಿರಬಹುದು, ಇರಬಹುದು ಇರಬಹುದು — ಆ ಪರೀಕ್ಷೆಯಲ್ಲಿ ಅವಳೇ ಮೊದಲು. ಇಡೀ ತಂಡದಲ್ಲಿ ಅತಿ ಸೂಕ್ಷ್ಮ ಕಿವಿ ಎಂದು ಮೇಡಂ ಎಲ್ಲರ ಮುಂದೆ ಹೇಳಿದ್ದರು, ಅವಳು ತಲೆ ತಗ್ಗಿಸಿಕೊಂಡಿದ್ದಳು, ವಿನಯ ಅಂದುಕೊಂಡರು.

ಬಾಗಿಲು ತಟ್ಟಿದ ಸದ್ದು, ಹನ್ನೊಂದು, ವಾರ್ಡನ್ ಒಳಗೆ ಬಂದು ಕಿಟಕಿ ಎಳೆದು ನೋಡಿದಳು, ನಲ್ಲಿ ತಿರುಗಿಸಿದಳು, ಗೋಡೆಯ ಗಾಯದ ಮುಂದೆ ನಿಂತಳು, ತಿರುಗಿ ಇವಳ ಮುಖ ನೋಡಿದವಳು ಅದರ ಸುದ್ದಿಯನ್ನೇ ಎತ್ತದೆ, ಬೀಗದ ಕೈ ಕೆಳಗೆ ಕೊಟ್ಟು ಹೋಗು ಎಂದಷ್ಟೇ ಹೇಳಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಆ ಮೆಲ್ಲಗೆ ಎಂಬುದೇ ಹೆದರಿಸಿತು. ಅಕ್ಕನಿಗೆ ಫೋನು ಹೋಗುತ್ತಿದೆ, ಎರಡು ಸಲ, ಮೂರು ಸಲ, ಎತ್ತಿದಳು, ಹೊರಟ್ಯಾ, ಊಟ ಆಯ್ತಾ, ಸಾಮಾನೆಲ್ಲ ತುಂಬಿದ್ಯಾ, ಒಂದೇ ಉಸಿರಿಗೆ. ಅಮ್ಮ ಇದ್ದಾಳಾ ಅಕ್ಕ? ಇದ್ದಾಳೆ ಕಣೇ, ಇಲ್ದೆ ಎಲ್ ಹೋಗ್ತಾಳೆ, ಈಗ ತಾನೇ ಮಲಗಿ — ಉಸಿರಾಡ್ತಿದ್ದಾಳಾ ಅಂತ ಕೇಳ್ತಿದೀನಿ. ಆಚೆ ಫ್ಯಾನಿನ ಸದ್ದು. ಅಕ್ಕ ಅಳಲಿಲ್ಲ, ಅತ್ತು ಮುಗಿಸಿದವರ ದನಿಯಲ್ಲಿ ಹೇಳಿದಳು, ಉಸಿರಾಡ್ತಿದ್ದಾಳೆ, ತಿಂತಾಳೆ, ಹಿಡ್ಕೊಂಡ್ರೆ ನಾಲ್ಕು ಹೆಜ್ಜೆ ನಡೀತಾಳೆ, ಸ್ಟ್ರೋಕ್ ಆಯ್ತು ಕಣೇ, ಹೊಲೀತಾ ಕೂತಿದ್ದವಳು ಪಕ್ಕಕ್ಕೆ ವಾಲಿಬಿಟ್ಟಳು, ಮೋಟರು ಓಡ್ತಾನೇ ಇತ್ತು. ಯಾವಾಗ? ಹನ್ನೊಂದು ವಾರ ಆಯ್ತು. ಹನ್ನೊಂದು. ಮುದುಕನನ್ನು ಅವಳ ಕೈಗೆ ಒಪ್ಪಿಸಿದ ವಾರ. ಮಾತು? ಇಲ್ಲ ಕಣೇ, ಒಂದೂ ಬರಲ್ಲ. ಮಾತು ಕಲಿಸೋರ ಹತ್ರ ಕರ್ಕೊಂಡು ಹೋಗಿದ್ರಾ? ನೀನು ಬರ್ತೀಯಲ್ಲ, ಬಂದ್ಮೇಲೆ ನೀನೇ ಮಾಡ್ತೀಯಲ್ಲ ಅಂದ್ಕೊಂಡ್ವಿ, ಓದು ಕೆಡುತ್ತೆ ಅಂತ ಹೇಳ್ಲಿಲ್ಲ, ಮೊದಮೊದಲು ಅಮ್ಮ ನಿಂಗೆ ಕಳ್ಸಿದ್ದ ಮಾತುಗಳನ್ನೇ ನಿಮ್ಮ ಭಾವ ಕತ್ತರಿಸಿ ಕಳಿಸ್ತಿದ್ರು, ಅವರಿಗೂ ಸಂಕಟನೇ, ಅಮ್ಮನೇ ಹೇಳ್ಬೇಡ ಅಂದ್ಲು ಕಣೇ.

ಹೇಗೆ ಅಂದ್ಲು?

ಆಚೆ ಅಕ್ಕ ಕುರ್ಚಿ ಎಳೆದುಕೊಂಡ ಸದ್ದು. ಹೇಗೆ ಅಂದ್ಲು ಅಕ್ಕ, ಮಾತು ಹೋದವಳು ಹೇಳ್ಬೇಡ ಅಂತ ಹೇಗೆ ಹೇಳಿದಳು — ಕೂಗಲಿಲ್ಲ ಅವಳು, ಕೂಗುವ ಹಕ್ಕು ಎಲ್ಲಿದೆ, ಎಂಟು ವಾರ ನೀನು ಯಾರಿಗೆ ಹೇಳಿದೆ? ದಿನಾ ಹತ್ತು ಗಂಟೆಗೆ ಮುದುಕನ ವಾರ್ಡಿನಲ್ಲಿ ಕೂತು ತಟ್ಟಿದ ತಾಳ, ಅದೇ ಹೊತ್ತಿಗೆ ಊರಿನ ಮನೆಯಲ್ಲಿ ಒಬ್ಬಳು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು, ಬಂಗಾರದ ಮೂರು ತಿಂಗಳಲ್ಲಿ ಉಳಿದಿರುವುದು ಎಷ್ಟು, ಎರಡು ವಾರ, ಹೆಚ್ಚೆಂದರೆ ಎರಡು ವಾರ, ತೋರ್ಸು ಅಂದಳು, ಈಗಲೇ ತೋರ್ಸು. ಫೋನು ಅಲ್ಲಾಡಿತು, ನೆಲ, ಅಕ್ಕನ ಸೆರಗು, ಬಟ್ಟೆ ಮುಚ್ಚಿಟ್ಟ ಯಂತ್ರ, ಆಮೇಲೆ ಅಮ್ಮ. ಕೂದಲನ್ನು ಗಂಡಸರ ಹಾಗೆ ಗಿಡ್ಡಕ್ಕೆ ಕತ್ತರಿಸಿದ್ದಾರೆ. ಬಲಗೈ ಮಡಿಲಲ್ಲಿ, ಯಾರೋ ಇಟ್ಟು ಮರೆತ ಹಾಗೆ. ಅಮ್ಮ ನೋಡಿದಳು, ಗುರುತು ಹಿಡಿದಳು, ಕಣ್ಣು ಅಗಲವಾಯಿತು, ಏನೋ ಹೇಳಬೇಕು, ಒಂದೇ ಹೇಳುವುದು, ಯಾವಾಗಲೂ ಮೊದಲು ಹೇಳುತ್ತಿದ್ದುದು, ತುಟಿ ಎರಡೂ ಒತ್ತಿಕೊಂಡವು, ಪಾಪುವಿನ ಪ, ತುಟಿ ಒತ್ತುವುದೇ ಪ, ಈಗ ಬಿಡಬೇಕು ಅಮ್ಮ, ಒತ್ತಿದ್ದನ್ನು ಬಿಡಬೇಕು, ಉಸಿರು ಬಿಡು, ಬಿಡು, ತುಟಿ ಒತ್ತಿಯೇ ಇದೆ, ಕತ್ತಿನ ನರ ಎದ್ದು ನಿಂತಿದೆ, ಕೆನ್ನೆ ಒಂದು ಕಡೆ ನಡುಗುತ್ತಿದೆ, ತುಟಿ ಒತ್ತಿಯೇ ಇದೆ, ಬಿಳಿಚಿಕೊಂಡಿದೆ, ತುಟಿ