ಮೋರಿತಾ-ಸಾನ್ ಒಪ್ಪಿಸಿದ ಸೇತುವೆ

ಇಂಗ್ಲೆಂಡಿನ ದೊರೆಯ ಮುನ್ನೂರು ಸೈನಿಕರನ್ನು ಈ ಭಾನುವಾರ ಬೆಳಿಗ್ಗೆ ನಗೋಯಾದ ಹೊಳೆದಂಡೆಯಲ್ಲಿ ನಾನೊಬ್ಬನೇ, ಅದೂ ಬರಿಹೊಟ್ಟೆಯಲ್ಲಿ, ಅಟ್ಟಾಡಿಸಿ ಓಡಿಸಿದೆ. ಹೊಳೆಯ ಮೀನುಗಳೆಲ್ಲ ತಲೆಯೆತ್ತಿ ನೋಡಿದವು.

ಸಂಜೆ ನನ್ನ ಹೆಂಡತಿ ನೀರಜಾಳಿಗೂ ಹೀಗೆಯೇ ಹೇಳಿದೆ. ಅವಳು ದೋಸೆ ಮಗುಚುತ್ತಾ, “ನಿಮ್ಮ ಕ್ಲಬ್ಬಲ್ಲಿ ಇರೋದೇ ಮೂವತ್ತು ಜನ ಅಲ್ವೇನ್ರೀ?” ಎಂದಳು.

“ಒಬ್ಬೊಬ್ಬ ಇಪ್ಪತ್ತು ಜನಕ್ಕೆ ಸಮ ಕಣೇ.”

ಕ್ಲಬ್ಬೆಂದರೆ, ಸುಮಾರು ನಾನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧವನ್ನು ವರ್ಷಕ್ಕೊಮ್ಮೆ ವೇಷ ಕಟ್ಟಿ ಆಡುವ ಜಪಾನೀಯರ ಕೂಟ. ದೊರೆಯ ಕಡೆಯವರಿಗೆ ಉದ್ದ ಕೂದಲು, ಕಸೂತಿ ಕಾಲರು, ಟೋಪಿಗೆ ಗರಿ, ಯುದ್ಧಕ್ಕೆ ಮುಂಚೆ ತಣ್ಣನೆ ಬಿಯರು. ನಾವು ಪಾರ್ಲಿಮೆಂಟ್ ಕಡೆಯ ಪ್ಯೂರಿಟನ್ನರು: ಕಪ್ಪು ಬಟ್ಟೆ, ಪ್ರಾರ್ಥನೆ, ಉಪವಾಸ, ಹಲ್ಲು ತೋರಿಸುವಂತಿಲ್ಲ. ವರ್ಷವಿಡೀ ಏಕಾದಶಿ ಮಾಡುವ ಮಂದಿ. ಇತಿಹಾಸದಲ್ಲಿ ಗೆದ್ದವರು ನಾವು. ಹೊಳೆದಂಡೆಯಲ್ಲಿ ಆರು ವರ್ಷದಿಂದ ಸೋಲುತ್ತಿರುವವರೂ ನಾವೇ.

ಆ ಆರು ಸೋಲೂ ನಮ್ಮ ಕ್ಯಾಪ್ಟನ್ ಮೋರಿತಾ-ಸಾನ್ ಕಾಲದವು. ನನ್ನ ಆಫೀಸಿನವರೇ, ಎದುರಿನ ಮೇಜು. ಮುಂದಿನ ತಿಂಗಳು ಹಿರೋಷಿಮಾಕ್ಕೆ ವರ್ಗವಾಗಿದೆ. “ಹರಿಹರ-ಸಾನ್, ಹೋಗುವ ಮುಂಚೆ ಒಂದೇ ಒಂದು ಸಲ ಗೆಲ್ಲಬೇಕು” ಎಂದು ಬೆಳಿಗ್ಗೆ ಮರದ ಸೇತುವೆಯನ್ನು ನನಗೆ ಒಪ್ಪಿಸಿದ್ದರು. ನನ್ನ ಕೆಲಸ ಒಂದೇ: ಶತ್ರು ಕಂಡರೆ ಕೂಗುವುದು. ಪಡೆ ಓಡಿ ಬರುತ್ತದೆ. ಮಧ್ಯಾಹ್ನದ ಗಂಟೆ ಹೊಡೆಯುವವರೆಗೆ ಸೇತುವೆಯ ಹಿಂದಿರುವ ನಮ್ಮ ಬಾವುಟ ಅವರ ಕೈಗೆ ಸಿಗದಿದ್ದರೆ ಗೆಲುವು ನಮ್ಮದು.

“ಹಾಗಾದ್ರೆ ಗೆದ್ರಾ?” ಎಂದಳು ನೀರಜಾ.

“ಗೆದ್ದ ಹಾಗೇ. ನಾನು ಗುಡುಗಿದ ಸದ್ದಿಗೆ ದೊರೆಯ ಟೋಪಿಯ ಗರಿ ಉದುರಿಹೋಯ್ತು…”

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಮೋರಿತಾ-ಸಾನ್, ಸೂಟು ಹಾಕಿಕೊಂಡು, ಕೈಯಲ್ಲಿ ಸಿಹಿಯ ಡಬ್ಬಿ ಹಿಡಿದುಕೊಂಡು. ನನ್ನತ್ತ ನೋಡದೆ ನೀರಜಾಳಿಗೆ ಸೊಂಟ ಬಗ್ಗಿಸಿ ನಮಿಸಿದರು.

“ಕ್ಷಮಿಸಬೇಕು, ತಪ್ಪು ನನ್ನದು. ಮೂರು ವಾರದಿಂದ ಕೊನೆಯ ರೈಲಿಗೆ ಮನೆಗೆ ಬರುತ್ತಿರುವವರನ್ನು ಕಾವಲಿಗೆ ಹಾಕಿದೆ. ಪಾಪ, ನಿದ್ದೆ ಹೋದರು.”

ಈ ದೇಶದಲ್ಲಿ ಕೆಲಸದ ನಡುವೆ ತೂಕಡಿಸುವವನನ್ನು ಯಾರೂ ಎಬ್ಬಿಸುವುದಿಲ್ಲ. ಅಷ್ಟು ದುಡಿದಿದ್ದಾನೆಂದು ಗೌರವ. ದೊರೆಯ ಕಡೆಯ ಹದಿನೈದು ಮಂದಿಯೂ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಮೆಲ್ಲಗೆ “ಸುಮಿಮಾಸೆನ್”, ಅಂದರೆ ಕ್ಷಮಿಸಿ, ಎನ್ನುತ್ತಾ ಒಬ್ಬೊಬ್ಬರಾಗಿ ನನ್ನ ಕಾಲು ದಾಟಿಕೊಂಡು ಹೋಗಿ ಬಾವುಟ ಕಿತ್ತುಕೊಂಡರಂತೆ. ಮೋರಿತಾ-ಸಾನ್ ಅದನ್ನೂ ನಗದೆ ಹೇಳಿದರು.

ನೀರಜಾ ತನ್ನ ಮುರುಕು ಜಪಾನೀಸಿನಲ್ಲಿ ಕೇಳಿದಳು, “ಇವರು ಗೊರಕೆ ಹೊಡೀತಿದ್ರಾ?”

ಮೋರಿತಾ-ಸಾನ್ ಯೋಚಿಸಿದರು. “ಇಲ್ಲ. ಬಹಳ ಶಾಂತವಾಗಿ ಮಲಗಿದ್ದರಂತೆ.”

ಅವಳು ನನ್ನ ಕಡೆ ತಿರುಗಿದಳು. “ರೀ, ನೀವು ನಿದ್ದೆ ಹೋದ್ರೆ ಪಕ್ಕದ ಮನೆಯೋರು ಭೂಕಂಪ ಅಂತ ಟೇಬಲ್ ಕೆಳಗೆ ಕೂರ್ತಾರೆ. ನಿಜ ಹೇಳಿ.”

ಬಾಯಿಗೆ ಇನ್ನೊಂದು ಸುಳ್ಳು ಬಂದಿತ್ತು. ಅದನ್ನು ಹೊರಗೆ ತಳ್ಳುವಷ್ಟು ತ್ರಾಣವೂ ಇರಲಿಲ್ಲ.

“ನಾನು ಎಚ್ಚರವಾಗೇ ಇದ್ದೆ, ಮೋರಿತಾ-ಸಾನ್. ಮೊದಲನೇ ಸುಮಿಮಾಸೆನ್ ಕೇಳಿಸ್ತು. ಎರಡನೇದೂ ಕೇಳಿಸ್ತು. ಕೂಗಿದ್ರೆ ಏಳಬೇಕು, ಎದ್ದರೆ ಓಡಬೇಕು. ಬಿಸಿಲು ಹಿತವಾಗಿತ್ತು. ಹೋಗ್ತಾ ಇರೋದು ನಿಮ್ಮ ಗೆಲುವು ಅಂತ ಗೊತ್ತಿತ್ತು. ಗೊತ್ತಿದ್ದೂ ಕಣ್ಣು ಬಿಡಲಿಲ್ಲ.”